ಬೆರಳು ನಿಲ್ಲುವ ಜಾಗ

ಚೆನ್ನಾಗಿದೆ ಎಂಬ ಒಂದು ಮಾತಿಗಾಗಿ ಹತ್ತೊಂಬತ್ತು ವರ್ಷ ಕಾದವನಿಗೆ ಆ ಮಾತು ಬೆಳಿಗ್ಗೆ ಎಂಟು ಗಂಟೆಗೆ, ಚಹಾದ ಲೋಟ ಇನ್ನೂ ಕೈಯಲ್ಲಿರುವಾಗಲೇ ಸಿಕ್ಕಿಬಿಟ್ಟಿತು. ಮಾವ ಚಾವಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಯಿಂದ ತುದಿಯವರೆಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ನಿಧಾನವಾಗಿ ಹಾಯಿಸಿ, ತುದಿಯ ನೂಲನ್ನು ಒಮ್ಮೆ ಜಗ್ಗಿ ನೋಡಿ, "ಚೆನ್ನಾಗಿದೆ" ಎಂದರು. ಅಷ್ಟೇ. ಸುರುಳಿ ಸುತ್ತಿ ಅವನ ಕಡೆ ಚಾಚಿದರು. ಅವನು ಇಸಿದುಕೊಂಡ. ಕಿವಿ ಬಿಸಿಯಾಯಿತು. ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಅದನ್ನು ಗೋಡೆಯ ಕೊಕ್ಕೆಗೆ ನೇತುಹಾಕಿ, ತನ್ನ ಜಾಗಕ್ಕೆ ಬಂದು ಕೂತು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಆ ಚಾವಟಿಯ ಒಳಗೆ, ತುದಿಯಿಂದ ಎರಡು ಗೇಣು ಮೇಲೆ, ಒಂದು ಎಳೆ ಹರಿದಿತ್ತು. ಹರಿದದ್ದನ್ನು ಅಂಟು ಸವರಿ, ದಾರ ಸುತ್ತಿ, ಮೇಲೆ ಹೆಣಿಗೆ ಎಳೆದು ಮುಚ್ಚಿದವನು ಅವನೇ.

ಅದು ನಡೆದದ್ದು ನಿನ್ನೆ ಮಧ್ಯಾಹ್ನ. ಆರು ಅಡಿಯ ಚಾವಟಿಯೆಂದರೆ ಹೊರಗೆ ಕಾಣುವ ಹನ್ನೆರಡು ಎಳೆಯ ಹೆಣಿಗೆ ಮಾತ್ರವಲ್ಲ. ಅದರ ಹೊಟ್ಟೆಯೊಳಗೆ ನಾಲ್ಕು ಎಳೆಯ ಇನ್ನೊಂದು ಹೆಣಿಗೆ ಇರುತ್ತದೆ, ಯಾರ ಕಣ್ಣಿಗೂ ಬೀಳದ್ದು. ತೂಕ ಅದರದ್ದು, ಬಳುಕು ಅದರದ್ದು, ಹೆಸರು ಮಾತ್ರ ಮೇಲಿನದಕ್ಕೆ. ಎಳೆಗಳನ್ನು ಒಂದೇ ಆಡಿನ ಚರ್ಮದಿಂದ, ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತ ಸುತ್ತುತ್ತ, ಹಣ್ಣಿನ ಸಿಪ್ಪೆ ಬಿಡಿಸಿದ ಹಾಗೆ ಕೊಯ್ಯಬೇಕು. ಕೊಯ್ದ ಮೇಲೆ ಅಂಚು ಹೆರೆದು, ಸಾಬೂನು ಕಲಸಿದ ಕೊಬ್ಬು ತಿಕ್ಕಿ, ಎಳೆದೆಳೆದು ಚರ್ಮದ ಸೋಮಾರಿತನವನ್ನೆಲ್ಲ ಮೊದಲೇ ಬಿಡಿಸಿಬಿಡಬೇಕು. ಅವನು ಎಳೆದಿದ್ದ. ಆದರೂ ಆ ಆಡಿಗೆ ಯಾವತ್ತೋ ಉಣ್ಣಿ ಕಚ್ಚಿದ ಕಲೆ, ಸಾಸಿವೆ ಕಾಳಿನಷ್ಟು, ಎಲ್ಲೋ ಉಳಿದುಕೊಂಡಿತ್ತು. ಒಳಹೆಣಿಗೆ ಮುಗಿಯಲು ನಾಲ್ಕು ಬೆರಳು ಬಾಕಿ ಇರುವಾಗ ಸರಿಯಾಗಿ ಅಲ್ಲೇ ಪಟ್ಟೆಂದು ಹರಿಯಿತು. ಹೀಗೆ ಹರಿದರೆ ಏನು ಮಾಡಬೇಕೆಂಬುದು ಈ ಕೆಲಸ ಕಲಿತವರಿಗೆಲ್ಲ ಗೊತ್ತು: ಒಂದೂವರೆ ಗೇಣು ಹಿಂದಕ್ಕೆ ಬಿಚ್ಚಿ, ಹೊಸ ಎಳೆಯನ್ನು ಹಳೆಯದರ ಪಕ್ಕ ಮಲಗಿಸಿ, ಎರಡನ್ನೂ ಅರ್ಧರ್ಧ ತೆಳುವಾಗಿ ಹೆರೆದು ಜೋಡಿಯಾಗಿ ಹೆಣೆದುಕೊಂಡು ಹೋಗಿ, ಹೊಸದು ಹಿಡಿತಕ್ಕೆ ಬಂದ ಮೇಲೆ ಹಳೆಯದನ್ನು ಬಿಡುವುದು. ಒಂದು ಗಂಟೆಯ ಕೆಲಸ. ಆ ಒಂದು ಗಂಟೆಗೆ ಅವನು ಕಳ್ಳನಾದ. ಅಂಟಿನ ಡಬ್ಬಿಯ ಮುಚ್ಚಳ ತೆಗೆಯುವಾಗ ತಲೆಯೆತ್ತಿ ಮಾವನ ಕಡೆ ನೋಡಿದ್ದು ನೆನಪಿದೆ. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಸೋಮಾರಿತನಕ್ಕೆ ಹಾಗೆ ಮಾಡಿದೆನೋ, ಮಾವನನ್ನು ಪರೀಕ್ಷೆ ಮಾಡಲು ಮಾಡಿದೆನೋ ಎಂದು ಅವನು ರಾತ್ರಿ ಊಟದ ಹೊತ್ತಿಗೂ ತನ್ನನ್ನೇ ಕೇಳಿಕೊಂಡಿದ್ದ. ಈಗ ಕೇಳಿಕೊಂಡರೂ ಉತ್ತರ ಎರಡೂ ಕಡೆ ವಾಲುತ್ತಿತ್ತು.

ಪರೀಕ್ಷೆಯ ಯೋಚನೆ ಸುಮ್ಮನೆ ಹುಟ್ಟಿದ್ದಲ್ಲ. ಹತ್ತು ವರ್ಷದ ಹಿಂದೆ ಮಾವನ ಕಣ್ಣು ಹೋಯಿತು. ಈಗ ಅವರಿಗೆ ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ಕಾಣುತ್ತದೆ. ಕಣ್ಣು ಹೋದ ದಿನ ಅವರೇನೂ ಅಳಲಿಲ್ಲ. "ನನ್ನ ಕಣ್ಣು ಯಾವತ್ತೂ ಮುಖದಲ್ಲಿ ಇರಲೇ ಇಲ್ಲ" ಎಂದು ಹೆಬ್ಬೆರಳು ಎತ್ತಿ ತೋರಿಸಿ ನಕ್ಕಿದ್ದರು. ಅದು ಬಡಾಯಿಯಾಗಿರಲಿಲ್ಲ. ಕೂದಲೆಳೆಯಷ್ಟು ಸಡಿಲವಿದ್ದರೂ ಆ ಹೆಬ್ಬೆರಳು ಅಲ್ಲಿ ನಿಲ್ಲುತ್ತಿತ್ತು. ಆದರೆ ಕಳೆದ ಚಳಿಗಾಲದಿಂದ ಅದು ನಿಲ್ಲಬಾರದ ಕಡೆ ನಿಲ್ಲತೊಡಗಿತು. "ಇಲ್ಲಿ ಸಡಿಲ ಇದೆ, ಬಿಚ್ಚು" ಎನ್ನುತ್ತಿದ್ದರು. ಅಲ್ಲಿ ಸಡಿಲ ಇರುತ್ತಿರಲಿಲ್ಲ. ಅವನು ತುಟಿಪಿಟಕ್ಕೆನ್ನದೆ ಬಿಚ್ಚಿ, ಸರಿಯಾಗಿದ್ದುದನ್ನೇ ಇನ್ನೊಂದು ಸಲ ಸರಿಯಾಗಿ ಹೆಣೆದು ಕೊಡುತ್ತಿದ್ದ. ಎರಡು ಸಲ ಹಾಗಾಯಿತು. ಮೂರನೆಯ ಸಲ ಅವನು ಬಿಚ್ಚಲಿಲ್ಲ. ಯಾವುದೋ ಹಳೆಯ ತುಂಡು ಹೆಣಿಗೆಯನ್ನು ಮಾವನಿಗೆ ಕೇಳಿಸುವ ಹಾಗೆ ಬಿಚ್ಚುತ್ತ ಕೂತು, ಮಾರನೆಯ ದಿನ ಅದೇ ಚಾವಟಿಯನ್ನು ಕೊಟ್ಟ. ಮಾವ ಬೆರಳು ಹಾಯಿಸಿ, "ಈಗ ಸರಿ ಹೋಯ್ತು ನೋಡು" ಎಂದರು. ಆಮೇಲೆ ಒಂದು ದಿನ ಬಿಸಿ ಲೋಟ ಹಿಡಿದು ಹೆಬ್ಬೆರಳಿನ ತುದಿಗೆ ಬೊಬ್ಬೆ ಬಂದಿತ್ತು. ಮಗಳು, ಅಂದರೆ ಅವನ ಹೆಂಡತಿ, ನೋಡಿ ಕೂಗುವವರೆಗೆ ಅವರಿಗೆ ಅದು ಗೊತ್ತೇ ಇರಲಿಲ್ಲ. "ಅಪ್ಪನಿಗೆ ಮೊದಲಿಂದಲೂ ಬಿಸಿ ತಟ್ಟಲ್ಲ" ಎಂದು ಅವಳು ಮುಲಾಮು ಹಚ್ಚಿದಳು. ಅವನು ಆ ಬೊಬ್ಬೆಯನ್ನೇ ನೋಡುತ್ತ ನಿಂತಿದ್ದ. ಯಾರ ಹತ್ತಿರವೂ ಹೇಳಲಿಲ್ಲ. ಹೇಳಿ ಏನಾಗಬೇಕು, ಬಾಯಿ ಬಿಟ್ಟರೆ ಬಣ್ಣಗೇಡು.

ಈ ಮನೆಗೆ ಬರುವ ಮುಂಚೆ ಅವನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದ. ಮದುವೆಯಾದ ವರ್ಷವೇ ಕಾರ್ಖಾನೆ ಮುಚ್ಚಿತು. "ಮನೆ ಅಳಿಯ ಆಗ್ತೀಯೇನೋ" ಎಂದು ಜೊತೆಯವರು ನಕ್ಕರು. ನಗುತ್ತಲೇ ಅವನು ಆಗಿಬಿಟ್ಟ. ಮಾವ ಮೊದಲ ದಿನವೇ ಒಂದು ವ್ಯವಸ್ಥೆ ಮಾಡಿದರು. ಊಟಕ್ಕೆ ಕೂತಾಗ "ಬನ್ನಿ ಅಳಿಯಂದಿರೇ, ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಬಹುವಚನ. ಕೆಲಸದ ಕೋಣೆಯ ಹೊಸ್ತಿಲು ದಾಟಿದರೆ "ಏಯ್, ಆ ಚರ್ಮ ಕೊಯ್ಯೋ ರಂಪಿಗೆ ಕೊಡಪ್ಪಾ ಇಲ್ಲಿ" ಎಂದು ಏಕವಚನ. ದಿನಕ್ಕೆ ಎರಡು ಸಲ ಅವನು ದೊಡ್ಡ ಮನುಷ್ಯನಾಗಿ ಎರಡು ಸಲ ಚಿಕ್ಕವನಾಗುತ್ತಿದ್ದ. ಮೊದಲ ಚಾವಟಿ ಮುಗಿಸಿ ಕೊಟ್ಟಾಗ ಮಾವನ ಬೆರಳು ನಾಲ್ಕು ಕಡೆ ನಿಂತಿತು. "ಗಂಟು" ಎಂದರು. "ಗಂಟಲ್ಲ ಮಾವ, ಎಳೆ ಸ್ವಲ್ಪ ಒತ್ತಾಗಿ ಬಂದಿದೆ ಅಷ್ಟೇ" ಎಂದ. "ಅಳಿಯ ಅಲ್ಲ, ಮಗಳ ಗಂಡ" ಎಂದು ಮಾವ ಹೊಟ್ಟೆ ಕುಲುಕುವ ಹಾಗೆ ನಕ್ಕು, "ಬಿಚ್ಚು" ಎಂದರು. ಅಲ್ಲಿಂದ ಮುಂದೆ ಎಷ್ಟು ಚಾವಟಿ ಎಂದು ಅವನು ಲೆಕ್ಕ ಇಟ್ಟಿಲ್ಲ. ಸರಿ ಹೋಯ್ತು, ಪರವಾಗಿಲ್ಲ, ನಡೆಯುತ್ತೆ, ಕೊಟ್ಟು ಕಳಿಸು. ಈ ನಾಲ್ಕು ಮಾತಿನಲ್ಲೇ ಹತ್ತೊಂಬತ್ತು ವರ್ಷ ಕಳೆದವು. ಒಮ್ಮೆ ಯಾವುದೋ ಕಚೇರಿಯಲ್ಲಿ ಅರ್ಜಿ ತುಂಬುವಾಗ ಗುಮಾಸ್ತ "ಉದ್ಯೋಗ?" ಎಂದು ಕೇಳಿದ್ದ. ಚಾವಟಿ ಹೆಣೆಯುತ್ತೇನೆ ಎಂದರೆ ಪೆನ್ನು ಕೆಳಗಿಟ್ಟು, "ಹಾಗಾದ್ರೆ ಮನೇಲಿ ಹೆಂಡತಿ ಹದ್ದುಬಸ್ತಲ್ಲಿರ್ಬೇಕು" ಎಂದು ಪಕ್ಕದವನಿಗೂ ಕೇಳಿಸುವಂತೆ ಅಂದಿದ್ದ. ಅವನೂ ನಕ್ಕಿದ್ದ. ನಕ್ಕಿದ್ದಕ್ಕೆ ವಾರವೆಲ್ಲ ತನ್ನ ಮೇಲೇ ಸಿಟ್ಟು ಬಂದಿತ್ತು. ಚಾವಟಿ ಇರುವುದು ಗಾಳಿಗೆ ಹೊಡೆಯಲು, ಪ್ರಾಣಿಗಲ್ಲ, ಅದರ ಸದ್ದೇ ಅದರ ಕೆಲಸ ಎಂದು ಆ ಗುಮಾಸ್ತನಿಗೆ ಹೇಳಬಹುದಿತ್ತು. ಹೇಳಲು ಒಂದು ಧೈರ್ಯ ಬೇಕಿತ್ತು. ಅದು ಮಾವನ ಬಾಯಿಂದ ಬರಬೇಕಾದ ಒಂದು ಮಾತಿನಲ್ಲಿದೆ, ಆ ಮಾತು ಬಂದ ದಿನ ತಾನು ಎಲ್ಲ ಗುಮಾಸ್ತರಿಗೂ ಉತ್ತರ ಕೊಡುತ್ತೇನೆ ಎಂದು ಅವನು ಮೂರ್ಖನ ಹಾಗೆ ನಂಬಿಕೊಂಡಿದ್ದ.

ಕೊಕ್ಕೆಯಲ್ಲಿ ತೂಗುತ್ತಿದ್ದ ಚಾವಟಿ ಕುದುರೆ ಪಳಗಿಸುವವಳದ್ದು. ಊರಾಚೆಯ ಬಯಲಲ್ಲಿ ಅವಳ ಲಾಯ. ಸಂಜೆ ಐದೂವರೆಗೆ ಬರುತ್ತೇನೆಂದು ಹೇಳಿದ್ದಳು. ಅವಳು ಚಾವಟಿ ಬೀಸುವುದನ್ನು ಅವನು ನೋಡಿದ್ದ: ಕುದುರೆ ದೊಡ್ಡ ಸುತ್ತಿನಲ್ಲಿ ಓಡುತ್ತಿರುತ್ತದೆ, ಅವಳು ನಡುವೆ ನಿಂತು ತಲೆಯ ಮೇಲೆ ಒಮ್ಮೆ ತಿರುಗಿಸಿ ಬಿಡುತ್ತಾಳೆ, ಹತ್ತು ಮಾರು ದೂರದಲ್ಲಿ ಕುದುರೆಯ ಕಿವಿ ಸದ್ದಿಗೆ ತಿರುಗುತ್ತದೆ. ಆ ಹೊತ್ತಿಗೆ ಅಂಟು ಬಿಟ್ಟುಕೊಂಡರೆ, ಒಳಗಿನದು ಜಾರಿ ಮೇಲಿನದೂ ಹರಿದರೆ, ತುದಿಯ ಎರಡು ಗೇಣು ಎಲ್ಲಿಗೆ ಹಾರುತ್ತದೋ ಯಾರಿಗೆ ಗೊತ್ತು. ಕುದುರೆಯ ಕಣ್ಣಿಗೆ ಹಾರಬಹುದು. ಅವಳ ಕಣ್ಣಿಗೇ ಹಾರಬಹುದು. ಇದನ್ನು ಹಾಗೆಯೇ ಕೊಡಲಾಗದು. ಇದನ್ನು ಬಿಚ್ಚುವುದಾದರೆ ಮಾವನ ಮುಂದೆಯೇ ಬಿಚ್ಚಬೇಕು. ಚೆನ್ನಾಗಿದೆ ಎಂದು ಈಗಷ್ಟೇ ಹೇಳಿಸಿಕೊಂಡದ್ದನ್ನು ಹೇಳಿದವರೆದುರೇ ಬಿಚ್ಚುವುದು. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಅವನು ಅರ್ಧ ಗಂಟೆ ಹೊಸ ಚರ್ಮವನ್ನು ಸುಮ್ಮನೆ ತಿರುವಿ ಹಾಕುತ್ತ ಕೂತ. ಬೀದಿಯಲ್ಲಿ ಯಾರೋ ಬಾಗಿಲಿನ ಷಟರ್ ಎತ್ತಿದರು. ಮಾವ ಕಿಟಕಿಯ ಕಡೆ ಮುಖ ಮಾಡಿ, ಯಾವುದೋ ಹಳೆಯ ರಾಗವನ್ನು ಮೂಗಿನಲ್ಲೇ ಗುನುಗುತ್ತಿದ್ದರು. ಅವರು ಗುನುಗಿ ಎಷ್ಟೋ ತಿಂಗಳಾಗಿತ್ತು. ಚೆನ್ನಾಗಿದೆ ಎಂದು ಹೇಳಿದವರಿಗೂ ಅದರಿಂದ ಸಂತೋಷವಾಗಿದೆ ಎಂಬುದು ಅವನಿಗೆ ಆಗ ಹೊಳೆಯಿತು. ಅದು ಹೊಳೆಯದಿದ್ದರೇ ಚೆನ್ನಾಗಿತ್ತು.

ಒಂಬತ್ತು ಗಂಟೆಗೆ ಎದ್ದು ಚಾವಟಿಯನ್ನು ಕೊಕ್ಕೆಯಿಂದ ತೆಗೆದ. ತುದಿಯ ಗಂಟನ್ನು ದಬ್ಬಳದಿಂದ ಸಡಿಲಿಸಿ, ಆದಷ್ಟು ಮೆಲ್ಲಗೆ ಮೊದಲ ಎಳೆ ಎಳೆದ. ಹೆಣೆಯುವಾಗ ಚರ್ಮ ಕಿರ್ರೆನ್ನುತ್ತದೆ. ಬಿಚ್ಚುವಾಗ ಉಸಿರು ಬಿಟ್ಟ ಹಾಗೆ ಸದ್ದಾಗುತ್ತದೆ. ಗುನುಗು ನಿಂತಿತು.

"ಏನು ಬಿಚ್ತಾ ಇದ್ದೀಯ?"

ಅವನು ಸುಳ್ಳು ಹೇಳಬಹುದಿತ್ತು. ಹಳೆಯ ತುಂಡು ಮಾವ ಎನ್ನಬಹುದಿತ್ತು. ಹಳೆಯ ತುಂಡಿನ ನಾಟಕ ಅವನು ಒಮ್ಮೆ ಆಡಿಯೂ ಇದ್ದ. ಆದರೆ ಬೆಳಿಗ್ಗೆಯ ಮಾತಿನ ಮೇಲೆ ಇನ್ನೊಂದು ಸುಳ್ಳು ಹೇರಲು ಮನಸ್ಸಾಗಲಿಲ್ಲ. "ಕುದುರೆಯವರದ್ದು ಮಾವ" ಎಂದ. "ಒಳಗೆ ಒಂದು ಎಳೆ ಹರಿದಿತ್ತು. ನಿನ್ನೆ. ನಾನು ಅಂಟು ಹಾಕಿ ಮುಚ್ಚಿಬಿಟ್ಟಿದ್ದೆ."

"ಎಲ್ಲಿ?"

"ತುದಿಯಿಂದ ಎರಡು ಗೇಣು ಮೇಲೆ."

ಮಾವ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡಿದ್ದರು. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಅಲ್ಲಿ ಏನೋ ಅಂಟಿಕೊಂಡಿರುವುದನ್ನು ಬಿಡಿಸುವ ಹಾಗೆ. ಬೈಯಲಿ ಎಂದು ಅವನು ಕಾದ. ಅಂಟು ಹಾಕಿದ್ದಕ್ಕೆ ಬೈಯಬೇಕು, ಅದು ಈ ಕೋಣೆಯಲ್ಲಿ ಮಾಡಬಹುದಾದ ಅತಿ ದೊಡ್ಡ ತಪ್ಪು. ಬೈದರೆ ಇಬ್ಬರಿಗೂ ಬಿಡುಗಡೆ. ಕೊನೆಗೆ ಮಾವ ಗಂಟಲು ಸರಿಮಾಡಿಕೊಂಡು, "ಗೊತ್ತಿತ್ತು ನನಗೆ" ಎಂದರು.

ಅವನು ಕೈ ನಿಲ್ಲಿಸಿದ.

"ಬೆಳಿಗ್ಗೆನೇ ಸಿಕ್ತು ಕೈಗೆ. ಸುಮ್ಮನಿದ್ದೆ. ಒಂದು ಸಲನಾದ್ರೂ ಚೆನ್ನಾಗಿದೆ ಅನ್ನಿ ಅಪ್ಪಾ, ಅವರು ಬೇಜಾರು ಮಾಡ್ಕೊಂಡಿದ್ದಾರೆ ಅಂತ ನಿಮ್ಮ ಮನೆಯವಳು ನನ್ನ ತಲೆ ತಿಂತಿದ್ಲು. ಅದಕ್ಕೇ ಅಂದೆ. ನೀವು ಬಿಚ್ಚಿ, ಸರಿ ಮಾಡಿ." ಹಾಗೆಂದು ಎದ್ದು, ಗೋಡೆ ಮುಟ್ಟಿಕೊಂಡು ಒಳಗೆ ಹೋದರು. ಕೆಲಸದ ಕೋಣೆಯಲ್ಲಿ ಅವರು ಅವನಿಗೆ ನೀವು ಎಂದದ್ದು ಅದೇ ಮೊದಲು.

ಅವಮಾನ ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಸಮಾಧಾನವೇ ಆಯಿತು: ಬೆರಳು ಬದುಕಿದೆ, ಮುದುಕರಿಗೆ ಏನೂ ಆಗಿಲ್ಲ. ಎರಡು ಎಳೆ ಬಿಚ್ಚುವ ಹೊತ್ತಿಗೆ ಹೆಂಡತಿ ಅಪ್ಪನ ಕುರ್ಚಿಯ ಪಕ್ಕ ನಿಂತು, ಮಗುವಿಗೆ ಮಿಠಾಯಿ ಕೊಡಿಸಿ ಎಂದು ಕೇಳುವ ಹಾಗೆ ತನ್ನ ಪರವಾಗಿ ಬೇಡುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು, ಮೈ ಉರಿಯಿತು. ಅವಳಿಗೆ ಹೇಗೆ ಗೊತ್ತಾಯಿತು? ಬಾಯಿಬಿಟ್ಟು ಒಂದು ದಿನವೂ ಹೇಳಿಕೊಂಡವನಲ್ಲ. ನಿದ್ದೆಯಲ್ಲಿ ಏನಾದರೂ ಅಂದೆನೇ? ಐವತ್ತರ ಹತ್ತಿರ ಬಂದ ಗಂಡಸು, ಒಂದು ಶಹಬ್ಬಾಸ್‌ಗಿರಿಗೆ ಹೆಂಡತಿಯ ಶಿಫಾರಸು. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ; ಕುರುಡನ ಮಗಳು ಊರಿಗೆಲ್ಲ ಕಣ್ಣು ಹಂಚುತ್ತಾಳೆ ಎಂದು ಬೀದಿಯವರ ತಮಾಷೆ. ಈಗ ಗಂಡನ ಒಳಗೂ ಕನ್ನಡಕ ಹಾಕಿಕೊಂಡು ನೋಡಿದಳೇ? ಸಿಟ್ಟಿನಲ್ಲಿ ಅವನ ಕೈ ಮಾತ್ರ ಯಾಕೋ ಚೆನ್ನಾಗಿ ಓಡಿತು. ಅಂಟಿನ ಗಂಟು ಬಂತು, ದಾರ ಕೊಯ್ದ, ಹೊಸ ಎಳೆ ಹೆರೆದು ಹಳೆಯದರ ಪಕ್ಕ ಮಲಗಿಸಿದ. ಹನ್ನೆರಡೂವರೆಗೆ ಒಳಹೆಣಿಗೆ ಮುಗಿದಿತ್ತು. ಹಲಗೆಯ ಕೆಳಗಿಟ್ಟು ಪಾದದಿಂದ ಉರುಳಿಸಿದ. ಹಾವಿನ ಹಾಗೆ ನುಣ್ಣಗೆ ಉರುಳಿತು.

ಒಂದು ಗಂಟೆಗೆ ಹೆಂಡತಿ ಊಟಕ್ಕೆ ಬಂದಳು. ಮಾವ ಊಟಕ್ಕೆ ಏಳಲಿಲ್ಲ. ಹಸಿವಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದರು. ಅಡುಗೆಮನೆಯ ಮೇಜಿನಲ್ಲಿ ಇಬ್ಬರೇ ಕೂತರು. ಅವನು ತಟ್ಟೆ ನೋಡುತ್ತಲೇ, ಆದಷ್ಟು ಸಹಜವಾಗಿ, "ನಿಮ್ಮಪ್ಪನ ಹತ್ತಿರ ನನ್ನ ಕೆಲಸದ ವಿಷಯ ಏನಾದ್ರೂ ಮಾತಾಡಿದ್ಯಾ?" ಎಂದ.

"ನಾನಾ?" ಅವಳು ನಕ್ಕಳು. "ನನಗೇನು ಹುಚ್ಚಾ? ಮದುವೆಯಾದ ಹೊಸದರಲ್ಲಿ ಒಂದ್ಸಲ ಹೇಳಿದ್ದೆ, ಅವರಿಗೆ ಅಷ್ಟೊಂದು ಬಿಚ್ಚಿಸಬೇಡಿ ಅಪ್ಪಾ ಅಂತ. ಹೊಸ್ತಿಲೊಳಗಿನ ವಿಷಯಕ್ಕೆ ಬಾಯಿ ಹಾಕಬೇಡ ಅಂದು ಮೂರು ದಿನ ಮಾತು ಬಿಟ್ರು. ಅವತ್ತೇ ಕೊನೆ. ಯಾಕ್ರೀ, ಏನಾಯ್ತು?"

"ಏನಿಲ್ಲ."

"ಏನಿಲ್ಲ ಅನ್ನೋ ಮುಖ ಅಲ್ಲ ಅದು."

"ಉಪ್ಪು ಕೊಡು" ಎಂದ.

ಅವಳ ನಗುವಿನಲ್ಲಿ ಕಳ್ಳತನವಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಬಾರದು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗೆ ಈ ಚೌಕಟ್ಟು ನಿಮ್ಮ ಮುಖಕ್ಕೆ ಒಪ್ಪಲ್ಲ ಎಂದು ಹೇಳಿ ಬೈಸಿಕೊಂಡು ಬಂದವಳು. ಹಾಗಾದರೆ ಮಾವ ಸುಳ್ಳು ಹೇಳಿದರು. ಗೊತ್ತಿರಲಿಲ್ಲ ಅವರಿಗೆ. ಬೆರಳು ಅದರ ಮೇಲೆಯೇ ಹಾದುಹೋಗಿದೆ, ಏನೂ ಸಿಕ್ಕಿಲ್ಲ. ಅವನು ಅಗಿಯುವುದನ್ನು ನಿಲ್ಲಿಸಿದ. ಬೆರಳು ಬದುಕಿದ್ದರೆ ಚೆನ್ನಾಗಿದೆ ಎಂಬ ಮಾತು ಸುಳ್ಳು. ಮಾತು ನಿಜವಾದರೆ ಬೆರಳು ಸತ್ತಿದೆ. ಬೆಳಗಿನಿಂದ ಅವನಿಗೆ ಎರಡೂ ಒಂದೊಂದು ಸಲ ಸಿಕ್ಕಿ, ಎರಡೂ ಕೈಬಿಟ್ಟಿದ್ದವು. ಈಗ ತಿಳಿಯಿತು, ಮಾವ ಮನಸ್ಸಿನಿಂದಲೇ ಚೆನ್ನಾಗಿದೆ ಎಂದಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಅಳಿಯನ ಹೆಣಿಗೆಯಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ, ಅದು ಅವರಿಗೆ ಹಬ್ಬವಾಗಿತ್ತು, ಅದಕ್ಕೇ ಗುನುಗುತ್ತ ಕೂತಿದ್ದರು. ತಾನು ಹೋಗಿ ಅದನ್ನು ಬಿಚ್ಚಿ ತೋರಿಸಿದ. ಬೆರಳು ಹೋದದ್ದನ್ನು ಮುಚ್ಚಿಕೊಳ್ಳಲು ಆ ಮನುಷ್ಯ ಅಳಿಯನನ್ನು ಸಣ್ಣವನನ್ನಾಗಿ ಮಾಡಿದರು; ಕೈಗೆ ಸಿಕ್ಕ ಮೊದಲ ಬಟ್ಟೆಯನ್ನು ಎಳೆದು ಮೈ ಮುಚ್ಚಿಕೊಂಡ ಹಾಗೆ. ಸಿಟ್ಟು ಬರಲಿಲ್ಲ. ಬೇಸರವಾಯಿತು, ತಡೆಯಲಾರದಷ್ಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ಈ ಮನೆಯಲ್ಲಿ ಬೆಳಗಿನಿಂದ ಇಬ್ಬರೂ ಹೆಗಲು ಮುಟ್ಟಿಕೊಳ್ಳುತ್ತಿದ್ದರು.

ಊಟದ ಮೇಲೆ ಮೇಲ್ಹೆಣಿಗೆಗೆ ಕೂತ. ಮಾವನ ಕುರ್ಚಿ ಖಾಲಿ. ಜ್ವರವಿದ್ದಾಗಲೂ ಅವರು ಮಧ್ಯಾಹ್ನ ಆ ಕುರ್ಚಿ ಬಿಟ್ಟವರಲ್ಲ. ಕುರ್ಚಿಯ ಕೈಯ ಮೇಲೆ ಹೆಬ್ಬೆರಳು ಉಜ್ಜಿ ಉಜ್ಜಿ ಮರ ನುಣುಪಾಗಿದ್ದ ಜಾಗ ಬಿಸಿಲಿಗೆ ಕಾಣುತ್ತಿತ್ತು. ಇವತ್ತು ಬರಲಿಲ್ಲವೆಂದರೆ ನಾಳೆಯೂ ಬರುವುದಿಲ್ಲ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. ನಾಳೆ ಹಸಿವಿಲ್ಲ ಎನ್ನುತ್ತಾರೆ, ನಾಡಿದ್ದು ಕಾಲು ನೋವು ಎನ್ನುತ್ತಾರೆ, ಒಂದು ತಿಂಗಳಲ್ಲಿ ಹಾಸಿಗೆ ಹಿಡಿಯುತ್ತಾರೆ. ಕಣ್ಣು ಹೋದಾಗ ಬೆರಳಿತ್ತು. ಬೆರಳು ಹೋದರೆ ಆ ಮನುಷ್ಯನಲ್ಲಿ ಇನ್ನೇನು ಉಳಿಯಿತು? ಇನ್ನು ಮೇಲೆ ಯಾರೂ ಬಿಚ್ಚು ಎನ್ನದ ಕೋಣೆಯಲ್ಲಿ ತಾನೊಬ್ಬನೇ ಕೂತು ಹೆಣೆಯಬೇಕು. ಅದನ್ನೇ ತಾನು ಎಷ್ಟು ವರ್ಷ ಬಯಸಿದ್ದ ಎಂಬುದೂ ಅವನಿಗೆ ನೆನಪಿತ್ತು. ಹನ್ನೆರಡು ಎಳೆ ಕೈಯಲ್ಲಿ ತಾವೇ ಹೋಗಿ ಬರುತ್ತಿದ್ದವು: ಎರಡರ ಮೇಲೆ, ಎರಡರ ಕೆಳಗೆ, ಎಡಕ್ಕೊಂದು, ಬಲಕ್ಕೊಂದು. ಅದ್ಭುತವಾಗಿ ಬರುತ್ತಿತ್ತು. ಜೀವಮಾನದಲ್ಲೇ ಇಷ್ಟು ಒಳ್ಳೆಯ ಹೆಣಿಗೆ ಅವನು ಹಾಕಿರಲಿಲ್ಲ. ತುದಿಗೆ ಒಂದು ಗೇಣು ಬಾಕಿ ಇರುವಾಗ ನಿಲ್ಲಿಸಿದ. ಬೀದಿಯಲ್ಲಿ ಯಾರಾದರೂ ಇದ್ದಾರೇನೋ ಎಂದು ಕಿಟಕಿಯ ಕಡೆ ನೋಡಿದ. ಆಮೇಲೆ ಎಡಗಡೆಯ ಒಂದು ಎಳೆಯನ್ನು ಎರಡರ ಕೆಳಗೆ ಹಾಯಿಸುವ ಬದಲು ಬೇಕೆಂದೇ ಮೂರರ ಕೆಳಗೆ ಹಾಯಿಸಿ, ಮೇಲೆ ಎತ್ತಿ, ಬಿಗಿಯಾಗಿ ಎಳೆದ. ಬಟಾಣಿ ಕಾಳಿನಷ್ಟು ಉಬ್ಬು ಎದ್ದಿತು. ಮೊದಲ ವಾರದ ಕಲಿಕೆಯವನೂ ಮಾಡದ ತಪ್ಪು. ಅವನ ಕೈ ಅದನ್ನು ಒಪ್ಪಲಿಲ್ಲ. ಎರಡು ಸಲ ತಾನಾಗಿ ಸರಿಪಡಿಸಲು ಹೋಯಿತು. ಅದನ್ನು ತಡೆದು, ಮುಂದೆ ಹೆಣೆದು, ತುದಿಯ ನೂಲು ಕಟ್ಟಿದ. ಬಿಚ್ಚಿ ಮತ್ತೆ ಹಾಕಲು ಅರ್ಧ ಗಂಟೆ ಸಾಕು ಎಂಬ ಜಾಗದಲ್ಲೇ ಇಟ್ಟಿದ್ದ.

ಐದೂವರೆಗೆ ಕುದುರೆಯವಳು ಬಂದಳು, ಬೂಟಿಗೆ ಲಾಯದ ಹುಲ್ಲು ಅಂಟಿಸಿಕೊಂಡು. ಹೆಂಡತಿಯೂ ಅದೇ ಹೊತ್ತಿಗೆ ಅಂಗಡಿಯಿಂದ ಬಂದು, ಅವಳ ಜೊತೆ ಮಾತಾಡುತ್ತಲೇ ಒಳಬಂದಳು. ಅವನು ಒಳಕೋಣೆಗೆ ಹೋದ. ಮಾವ ಗೋಡೆಯ ಕಡೆಗೇ ತಿರುಗಿದ್ದರು.

"ಮಾವ, ಕುದುರೆಯವರು ಬಂದಿದ್ದಾರೆ."

"ಕೊಟ್ಟು ಕಳಿಸಿ."

"ನೀವು ಮುಟ್ಟದೆ ಈ ಮನೆಯಿಂದ ಇದುವರೆಗೆ ಒಂದೂ ಹೋಗಿಲ್ಲ."

"ಬೆಳಿಗ್ಗೆ ಮುಟ್ಟಿದ್ದಾಯ್ತಲ್ಲ."

"ಆಮೇಲೆ ನಾನು ಕೈ ಹಾಕಿದ್ದೀನಿ. ಈಗ ಹೇಗಿದೆಯೋ ನನಗೆ ಗೊತ್ತಿಲ್ಲ" ಎಂದ. ಹೊರಗೆ ಹೆಂಗಸರಿಬ್ಬರೂ ಯಾವುದೋ ಮಾತಿಗೆ ನಗುತ್ತಿದ್ದರು. ಕೊನೆಗೆ ಮಂಚ ಕಿರುಗುಟ್ಟಿತು.

ಕುರ್ಚಿಯಲ್ಲಿ ಕೂತು, ಚಾವಟಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಹಿಡಿಯಿಂದ ಶುರುಮಾಡಿದರು. ಎಂದಿಗಿಂತ ನಿಧಾನ. ಕುದುರೆಯವಳು ಮಾತು ನಿಲ್ಲಿಸಿ ಗೌರವದಿಂದ ಕೈ ಕಟ್ಟಿ ನಿಂತಳು. ಬೆರಳು ನಡುವಿಗೆ ಬಂತು, ಒಳಗೆ ಹೊಸ ಎಳೆ ಮಲಗಿದ್ದ ಜಾಗವನ್ನು ದಾಟಿತು, ಇಳಿಯಿತು. ಉಬ್ಬಿನ ಮೇಲೆ ಬಂತು. ನಿಲ್ಲಲಿಲ್ಲ. ಅಷ್ಟು ದೊಡ್ಡದು, ದೇವರೇ, ಬಟಾಣಿಯಷ್ಟು ದೊಡ್ಡದು. ಬೆರಳು ತುದಿಯವರೆಗೂ ಹೋಯಿತು, ನೂಲು ಜಗ್ಗಿತು. ಮಾವ ಬಾಯಿ ತೆರೆದರು. ಏನೂ ಹೇಳದೆ ಮುಚ್ಚಿದರು. ಬೆರಳು ತಿರುಗಿ ಮೇಲಕ್ಕೆ ಹೊರಟಿತು, ಒಂದು ಗೇಣಿನಲ್ಲಿ ತಡವರಿಸಿತು, ಮುಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಈ ಸಲ ಅವರು ಉಗುರನ್ನು ಊರಿದರು. ಉಗುರು ಉಬ್ಬಿಗೆ ತಾಗಿ ಟಕ್ ಎಂದಿತು.

"ಇದೇನಿದು?"

ಅವನು ದಬ್ಬಳ ಹುಡುಕುವವನ ಹಾಗೆ ಬಗ್ಗಿದ.

"ಏಯ್, ನಿನ್ನನ್ನೇ ಕೇಳ್ತಿರೋದು. ನಿದ್ದೆಗಣ್ಣಲ್ಲಿ ಹೆಣೆದ್ಯಾ? ಎರಡರ ಕೆಳಗೆ ಹೋಗಬೇಕಾದ್ದು ಮೂರರ ಕೆಳಗೆ ಹೋಗಿದೆ. ಹತ್ತೊಂಬತ್ತು ವರ್ಷ! ಹತ್ತೊಂಬತ್ತು ವರ್ಷ ಕತ್ತೆಗೆ ಹೇಳಿಕೊಟ್ಟಿದ್ರೆ ಅದೂ ಹೆಣೀತಿತ್ತು!"

"ಇರ್ಲಿ ಬಿಡಿ ಯಜಮಾನ್ರೇ" ಎಂದು ಕುದುರೆಯವಳು ಮುಜುಗರದಿಂದ ಬೂಟು ನೋಡಿಕೊಂಡಳು. "ನನಗೇನೂ ಅವಸರ ಇಲ್ಲ. ಕಾಯ್ತೀನಿ."

ಹೆಂಡತಿಯ ಮುಖ ಕೆಂಪಾಗಿತ್ತು. "ಅಪ್ಪಾ, ಬಂದವರ ಮುಂದೆ ಹೀಗೆ..."

"ಬಂದವರ ಮುಂದೆ ಹೇಳದೆ ಹೋದವರ ಹಿಂದೆ ಹೇಳಲಾ? ನೀನು ಅವರಿಗೆ ಚಹಾ ಮಾಡ್ಕೊಡು ಹೋಗು."

ಅವಳು ಗಂಡನ ಕಡೆ ಒಂದು ನೋಟ ನೋಡಿದಳು. ಅದರಲ್ಲಿ ಕನಿಕರವಿತ್ತು, ಜೊತೆಗೆ ಇವರು ಯಾಕೆ ಇನ್ನೂ ಕಲಿಯಲಿಲ್ಲ ಎಂಬ ಸಣ್ಣ ನಿರಾಸೆಯೂ ಇತ್ತು. ಆ ನೋಟಕ್ಕೆ ಅವನು ತಲೆ ತಗ್ಗಿಸಿದ. ಅವಳಿಗೆ ಇವತ್ತಾಗಲಿ ಮುಂದಾಗಲಿ ಹೇಳುವ ಹಾಗಿಲ್ಲ. ಕೆನ್ನೆ ಬಿಸಿಯಾಗಿತ್ತು, ನಿಜಕ್ಕೂ ಅವಮಾನವಾಗಿತ್ತು. ಬೇಕೆಂದೇ ತಂದುಕೊಂಡದ್ದಾದರೂ ಅವಮಾನ ಅವಮಾನವೇ. ಹೆಂಗಸರಿಬ್ಬರೂ ಅಡುಗೆಮನೆಗೆ ಹೋದರು. ಅವನು ಮಣೆಯ ಮೇಲೆ ಕೂತು ತುದಿಯ ಗಂಟು ಬಿಡಿಸತೊಡಗಿದ. ಮಾವ ಒಳಗೆ ಹೋಗಲಿಲ್ಲ. ಕುರ್ಚಿಯನ್ನು ಕಾಲಿನಿಂದಲೇ ಎಳೆದು ಅವನ ಪಕ್ಕಕ್ಕೆ ತಂದು, ಚಾವಟಿಯ ಹಿಡಿಯನ್ನು ತಾವು ಹಿಡಿದು, ಅವನಿಗೆ ಅನುಕೂಲವಾಗಲೆಂದು ಬಿಗಿಯಾಗಿ ಎಳೆದುಕೊಂಡರು. ಒಂದೊಂದೇ ಎಳೆ ಬಿಚ್ಚಿಕೊಂಡಿತು. ಉಬ್ಬು ಕರಗಿತು. ಅಡುಗೆಮನೆಯಿಂದ ಲೋಟಗಳ ಸದ್ದು ಬಂತು. ಆ ಸದ್ದಿನ ಮರೆಯಲ್ಲಿ ಮಾವ, ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

"ಮುಂದಿನ ಸಲ ಇಷ್ಟು ದೊಡ್ಡದು ಇಡಬೇಡ. ಬಂದವರ ಕಣ್ಣಿಗೂ ಬೀಳುತ್ತೆ. ಇನ್ನೊಂಚೂರು ಸಣ್ಣದು ಮಾಡು. ನನಗೆ ಸಿಗುತ್ತೆ."

ಅವನ ಕೈಯಲ್ಲಿ ಎಳೆ ಹಾಗೆಯೇ ನಿಂತಿತು.

"ಆಯ್ತು ಮಾವ" ಎಂದ.